ಮಹಾತ್ಮ ಗಾಂಧಿಯವರ ಕೇಶ ಮತ್ತು ವೇಷ

ಮೋಹನದಾಸ ಕರಮಚಂದ ಗಾಂಧಿ (ಅಕ್ಟೋಬರ್ ೨, ೧೮೬೯ – ಜನವರಿ ೩೦, ೧೯೪೮) ಭಾರತದ ಸ್ವಾತಂತ್ರ್ಯ ಚಳವಳಿಯ ನಾಯಕರು. ಬೋಳಿಸಿದ ತಲೆ, ತುಟಿಯ ಮೇಲಿನ ಮೀಸೆ ಮತ್ತು ದುಂಡು ಕನ್ನಡಕ ಇವಿಷ್ಟನ್ನೇ ಗೆರೆಗಳಲ್ಲಿ ಬರೆದರೂ ಅವರ ಗುರುತು ಹತ್ತುತ್ತದೆ. ಈ ರೂಪವು ಅವರಿಗೆ ಹುಟ್ಟಿನಿಂದಲೋ ಸಂಪ್ರದಾಯದಿಂದಲೋ ಬಂದದ್ದಲ್ಲ. ರಾಜಕೋಟೆಯ ಜುಟ್ಟಿನ ಹುಡುಗ, ಲಂಡನ್ನಿನ ಬೈತಲೆಯ ವಿದ್ಯಾರ್ಥಿ, ಡರ್ಬನ್ನಿನ ಪೇಟದ ಬ್ಯಾರಿಸ್ಟರ್, ಜೋಹಾನ್ಸ್‌ಬರ್ಗ್‌ನ ಕೈದಿ ಎಂಬ ಹಲವು ಅವಸ್ಥೆಗಳನ್ನು ದಾಟಿ, ೧೯೨೧ರ ಸೆಪ್ಟೆಂಬರ್ ತಿಂಗಳಿನಲ್ಲಿ, ತಮ್ಮ ೫೨ನೆಯ ಹುಟ್ಟುಹಬ್ಬದ ಹೊಸ್ತಿಲಲ್ಲಿ, ಅವರು ಈ ರೂಪಕ್ಕೆ ಬಂದು ನಿಂತರು. ಆ ಬದಲಾವಣೆಯಾಗಿ ಹತ್ತು ದಿನ ಕಳೆಯುವುದರೊಳಗೆ ಅವರನ್ನು ಕಂಡ ಊರುಗಳಲ್ಲಿ ಬಳ್ಳಾರಿಯೂ ಒಂದು.

ಜುಟ್ಟು ಮತ್ತು ಜನಿವಾರ

ಗಾಂಧಿಯವರು ಕಾಠಿಯಾವಾಡದ ಪೋರಬಂದರಿನಲ್ಲಿ ವೈಷ್ಣವ ಬನಿಯಾ ಕುಟುಂಬದಲ್ಲಿ ಜನಿಸಿದರು. ತಂದೆ ಕರಮಚಂದರು ದಿವಾನರಾಗಿದ್ದವರು, ತಾಯಿ ಪುತಳೀಬಾಯಿ. ಆ ಕಾಲದ ಸವರ್ಣ ಹಿಂದೂ ಮನೆಗಳ ಹುಡುಗರಂತೆ ಮೋಹನದಾಸರಿಗೂ ಶಿಖೆಯಿತ್ತು. ಮನೆಯಲ್ಲಿ ಕನ್ನಡಿ ನೋಡಿಕೊಳ್ಳುವುದೇ ಒಂದು ಭೋಗವೆನಿಸಿದ್ದು, ಕುಟುಂಬದ ಕ್ಷೌರಿಕನು ಬಂದ ದಿನ ಮಾತ್ರ ಅದಕ್ಕೆ ಅವಕಾಶವಿತ್ತು.

೧೮೮೮ರ ಸೆಪ್ಟೆಂಬರ್ ತಿಂಗಳಿನಲ್ಲಿ ಬ್ಯಾರಿಸ್ಟರ್ ಪದವಿಗಾಗಿ ಇಂಗ್ಲೆಂಡಿಗೆ ಹೊರಡುವ ಮುನ್ನ ಅವರು ಆ ಜುಟ್ಟನ್ನು ತೆಗೆಸಿದರು. ಬರಿದಲೆಯಲ್ಲಿದ್ದಾಗ ಅದು ಕಂಡು ಆಂಗ್ಲರು ನಕ್ಕಾರು ಎಂಬ ಅಳುಕೇ ಕಾರಣವಾಗಿತ್ತೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಅದನ್ನು ಹೇಡಿತನವೆಂದೇ ಕರೆದುಕೊಂಡಿದ್ದಾರೆ. ಇದೇ ಅಳುಕು ದಕ್ಷಿಣ ಆಫ್ರಿಕದವರೆಗೂ ಅವರ ಬೆನ್ನುಹತ್ತಿತು. ಅಲ್ಲಿ ಶ್ರದ್ಧೆಯಿಂದ ಶಿಖೆ ಉಳಿಸಿಕೊಂಡಿದ್ದ ಬಂಧು ಛಗನ್‌ಲಾಲ್ ಗಾಂಧಿಯವರಿಂದಲೂ ಅದನ್ನು ತೆಗೆಸಿಬಿಟ್ಟರು.

ಲಂಡನ್ನಿನಲ್ಲಿ ಮೊದಮೊದಲು ಅವರು ನಾಗರಿಕ ಸೊಗಸುಗಾರನಾಗಲು ಶ್ರಮಿಸಿದರು. ಎತ್ತರದ ರೇಷ್ಮೆ ಹ್ಯಾಟು, ದುಬಾರಿ ಸೂಟು, ತಾವೇ ಕಟ್ಟಿಕೊಳ್ಳಲು ಕಲಿತ ಟೈ ಇವುಗಳ ಜೊತೆಗೆ ದಿನವೂ ದೊಡ್ಡ ಕನ್ನಡಿಯೆದುರು ಹತ್ತು ನಿಮಿಷ ಬೈತಲೆ ತಿದ್ದುವ ಕೆಲಸವಿತ್ತು. ಅವರ ಕೂದಲು ಒರಟಾದುದರಿಂದ ಬ್ರಷ್ಷಿಗೆ ಸುಲಭವಾಗಿ ಬಗ್ಗುತ್ತಿರಲಿಲ್ಲ. ಈ ಹಂಬಲವು ಕೆಲವೇ ತಿಂಗಳುಗಳಲ್ಲಿ ಇಳಿಯಿತಾದರೂ ಉಡುಪಿನ ಒಪ್ಪಓರಣ ಹಲವು ವರ್ಷ ಉಳಿಯಿತು. ದಕ್ಷಿಣ ಆಫ್ರಿಕದ ವಕೀಲಿ ದಿನಗಳ ಛಾಯಾಚಿತ್ರಗಳಲ್ಲಿ ಬಾಚಿದ ಕಪ್ಪು ಕೂದಲು ಮತ್ತು ಮೀಸೆ ಎದ್ದು ಕಾಣುತ್ತವೆ. ಮುಂದಿನ ಎಲ್ಲ ಬದಲಾವಣೆಗಳಲ್ಲಿಯೂ, ಒಂದೆರಡು ಸಂದರ್ಭಗಳನ್ನು ಬಿಟ್ಟರೆ, ಆ ಮೀಸೆ ಮಾತ್ರ ಉಳಿದುಕೊಂಡಿತು.

ಪ್ರಿಟೋರಿಯಾದ ಕ್ಷೌರದಂಗಡಿ

೧೮೯೩ರಲ್ಲಿ ಡರ್ಬನ್ನಿಗೆ ಬಂದಿಳಿದ ಗಾಂಧಿಯವರಿಗೆ ಎದುರಾದ ಮೊದಲ ತಕರಾರೇ ತಲೆಯ ವಿಷಯದ್ದು. ನ್ಯಾಯಾಲಯದಲ್ಲಿ ಪೇಟ ತೆಗೆಯುವಂತೆ ಮ್ಯಾಜಿಸ್ಟ್ರೇಟರು ಹೇಳಿದಾಗ ಅವರು ಒಪ್ಪದೆ ಹೊರಗೆ ನಡೆದರು. ಅದಕ್ಕಿಂತ ಹೆಚ್ಚು ದೂರಗಾಮಿಯಾದ ಇನ್ನೊಂದು ಪ್ರಸಂಗ ಪ್ರಿಟೋರಿಯಾದಲ್ಲಿ ನಡೆಯಿತು. ಅಲ್ಲಿನ ಆಂಗ್ಲ ಕ್ಷೌರಿಕನೊಬ್ಬನು ಕರಿಯ ವರ್ಣದವರಿಗೆ ತಾನು ಕ್ಷೌರ ಮಾಡುವುದಿಲ್ಲವೆಂದು ತಿರಸ್ಕಾರದಿಂದ ಕಳುಹಿಸಿದನು. ಗಾಂಧಿಯವರು ಕೂಡಲೇ ಕೂದಲು ಕತ್ತರಿಸುವ ಮೆಷಿನ್ ಕೊಂಡುತಂದು ಕನ್ನಡಿಯೆದುರು ನಿಂತು ತಾವೇ ಕತ್ತರಿಸಿಕೊಂಡರು. ಮುಂಭಾಗವು ಹೇಗೋ ಆಯಿತು, ಹಿಂಭಾಗವು ಕೆಟ್ಟಿತು. ಮರುದಿನ ನ್ಯಾಯಾಲಯದಲ್ಲಿ ಮಿತ್ರರು ಇಲಿಗಳು ತಲೆ ತಿಂದವೇ ಎಂದು ಹಾಸ್ಯ ಮಾಡಿದರು.

ಸ್ವಾವಲಂಬನೆಯ ಪಾಠವಾಗಿ ಈ ಕಥೆಯನ್ನು ಶಾಲಾಪುಸ್ತಕಗಳು ಹೇಳುವುದುಂಟು. ಗಾಂಧಿಯವರು ಅದರಿಂದ ತೆಗೆದ ಅರ್ಥ ಅಷ್ಟಕ್ಕೇ ನಿಲ್ಲಲಿಲ್ಲ. ಆ ಕ್ಷೌರಿಕನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲವೆಂದು ಅವರು ಬರೆದರು. ಕರಿಯರಿಗೆ ಕ್ಷೌರ ಮಾಡಿದರೆ ಅವನ ಗಿರಾಕಿಗಳು ತಪ್ಪಿಹೋಗುವ ಸಂಭವವಿತ್ತು. ಭಾರತದಲ್ಲಿಯೂ ಅಸ್ಪೃಶ್ಯರೆನಿಸಿಕೊಂಡವರಿಗೆ ಸೇವೆ ಸಲ್ಲಿಸಲು ಕ್ಷೌರಿಕರನ್ನು ಸವರ್ಣರು ಬಿಡುತ್ತಿರಲಿಲ್ಲ. ಅದರ ಫಲವನ್ನೇ ತಾವು ಉಣ್ಣುತ್ತಿರುವುದಾಗಿ ಅವರು ಭಾವಿಸಿದರು. ಈ ಮಾತು ಕರ್ನಾಟಕದ ಹಳ್ಳಿಗಳಿಗೂ ಹೊಂದುವಂಥದು. ಹಡಪದ ಮುಂತಾದ ಕ್ಷೌರಿಕ ಸಮುದಾಯದವರು ಊರಿನ ಆಯಗಾರಿಕೆಯ ಕಟ್ಟುಪಾಡಿಗೆ ಒಳಪಟ್ಟಿದ್ದು, ದಲಿತರ ತಲೆ ಮುಟ್ಟಿದರೆ ಊರಿನ ಕೋಪಕ್ಕೆ ಗುರಿಯಾಗಬೇಕಾಗುತ್ತಿತ್ತು. ಕ್ಷೌರ ನಿರಾಕರಣೆಯಂಥ ಸೇವಾ ನಿರಾಕರಣೆಯು ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯಡಿ ಶಿಕ್ಷಾರ್ಹವಾಯಿತು. ಹೀಗಿದ್ದರೂ ಅಂಥ ದೂರುಗಳು ಇಂದಿಗೂ ನಿಂತಿಲ್ಲ.

ಸೆರೆಮನೆ ಮತ್ತು ಟಾಲ್‌ಸ್ಟಾಯ್ ಫಾರ್ಮ್

೧೯೦೮ರ ಜನವರಿಯಲ್ಲಿ ಗಾಂಧಿಯವರಿಗೆ ಮೊದಲ ಬಾರಿಗೆ ಸೆರೆವಾಸವಾಯಿತು. ಎರಡು ತಿಂಗಳಿಗೆ ಮೇಲ್ಪಟ್ಟ ಶಿಕ್ಷೆಯಾದವರ ತಲೆಗೂದಲು ಮತ್ತು ಮೀಸೆ ಕತ್ತರಿಸುವ ನಿಯಮ ಜೋಹಾನ್ಸ್‌ಬರ್ಗ್ ಸೆರೆಮನೆಯಲ್ಲಿತ್ತಾದರೂ ಭಾರತೀಯರ ಮೇಲೆ ಅದನ್ನು ಕಟ್ಟುನಿಟ್ಟಾಗಿ ಹೇರುತ್ತಿರಲಿಲ್ಲ. ಗಾಂಧಿಯವರೇ ಕೇಳಿಕೊಂಡು ಮೆಷಿನ್ ಮತ್ತು ಕತ್ತರಿ ಪಡೆದು, ಸಹಕೈದಿಯೊಬ್ಬರ ನೆರವಿನಿಂದ ಜೊತೆಯವರಿಗೆ ಕ್ಷೌರ ಮಾಡತೊಡಗಿದರು. ಒಂದು ಕಾಲದಲ್ಲಿ ಜುಟ್ಟು ಕಂಡೀತೆಂದು ಅಂಜಿದ್ದ ವ್ಯಕ್ತಿಯು ಈಗ ಕೈದಿಯ ಕ್ರಾಪನ್ನು ಬೇಡಿ ಪಡೆದಿದ್ದರು.

೧೯೧೦ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ನಡೆದ ಘಟನೆಯೊಂದು ಇಂದಿನ ಓದುಗರಿಗೆ ಇರುಸುಮುರುಸು ಉಂಟುಮಾಡುತ್ತದೆ. ಹುಡುಗನೊಬ್ಬನು ಇಬ್ಬರು ಹುಡುಗಿಯರನ್ನು ಛೇಡಿಸಿದನೆಂದು ತಿಳಿದಾಗ, ಕೆಟ್ಟ ನೋಟ ಅವರ ಮೇಲೆ ಬೀಳದಿರಲೆಂದು ಗಾಂಧಿಯವರು ಆ ಹುಡುಗಿಯರ ನೀಳ ಕೂದಲನ್ನು ತೆಗೆಯುವ ಸಲಹೆಯಿತ್ತರು. ಅವರನ್ನೂ ಅಲ್ಲಿನ ಹಿರಿಯ ಮಹಿಳೆಯರನ್ನೂ ಒಪ್ಪಿಸಿ ತಮ್ಮ ಕೈಯಿಂದಲೇ ಕತ್ತರಿಸಿದರು. ಕ್ರಮವು ಫಲಕಾರಿಯಾಯಿತೆಂದೇ ಅವರು ಮುಂದೆ ಬರೆದರು. ತಪ್ಪು ಹುಡುಗನದಾಗಿದ್ದು ತಲೆ ಕೊಡಬೇಕಾದವರು ಹುಡುಗಿಯರಾದರೆಂಬ ಆಕ್ಷೇಪಕ್ಕೆ ಆ ಬರಹದಲ್ಲಿ ಸಮಾಧಾನ ದೊರೆಯುವುದಿಲ್ಲ.

೧೯೧೩ರ ನವೆಂಬರ್ ತಿಂಗಳಿನಲ್ಲಿ ನೇಟಾಲಿನ ಗಣಿ ಮತ್ತು ತೋಟದ ಕೂಲಿಗಳು ಮುಷ್ಕರ ಹೂಡಿದಾಗ ಗುಂಡೇಟಿಗೆ ಹಲವರು ಬಲಿಯಾದರು. ಡಿಸೆಂಬರಿನಲ್ಲಿ ಬಿಡುಗಡೆಯಾದ ಗಾಂಧಿಯವರು ಡರ್ಬನ್ನಿನ ಸಭೆಗೆ ಬಂದಾಗ ಮೀಸೆಯಿರಲಿಲ್ಲ, ಕಾಲಲ್ಲಿ ಪಾದರಕ್ಷೆಯಿರಲಿಲ್ಲ, ಮೈಮೇಲೆ ಕೂಲಿಯವರಂಥ ಬಿಳಿಯ ಬಟ್ಟೆಯಿತ್ತು. ಮನೆಯ ಹಿರಿಯರು ತೀರಿಕೊಂಡಾಗ ಗಂಡಸರು ಮೀಸೆ ತೆಗೆಸುವ ಪದ್ಧತಿಯನ್ನು ಬಲ್ಲ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಭಾರತಕ್ಕೆ ಮರಳಿದ ಮೇಲೆ

೧೯೧೫ರ ಜನವರಿ ೯ರಂದು ಗಾಂಧಿಯವರು ಮುಂಬಯಿಯಲ್ಲಿ ಇಳಿದರು. ಆಗ ಅವರದು ಕಾಠಿಯಾವಾಡಿ ಅಂಗಿ, ಧೋತಿ ಮತ್ತು ದೊಡ್ಡ ಮುಂಡಾಸು. ಅದೇ ವರ್ಷ ಹರಿದ್ವಾರದ ಕುಂಭಮೇಳಕ್ಕೆ ಹೋದಾಗ ಸ್ವಾಮಿಗಳೊಬ್ಬರು ಶಿಖೆಯೂ ಜನಿವಾರವೂ ಇಲ್ಲದಿರುವುದನ್ನು ಕಂಡು ನೊಂದು ಪ್ರಶ್ನಿಸಿದರು. ಗಾಂಧಿಯವರು ಎರಡನ್ನೂ ಬೇರೆಬೇರೆಯಾಗಿ ತೂಗಿದರು. ಶೂದ್ರರಿಗೆ ನಿಷಿದ್ಧವಾದ ಜನಿವಾರವನ್ನು ಧರಿಸುವ ಹಕ್ಕು ಇತರರಿಗೂ ಇಲ್ಲವೆಂದು ನಿರಾಕರಿಸಿದರು; ಭಯದಿಂದ ಬಿಟ್ಟಿದ್ದ ಶಿಖೆಯನ್ನು ಮಾತ್ರ ಮತ್ತೆ ಬೆಳೆಸಲು ಒಪ್ಪಿದರು. ೧೯೨೦ರ ದಶಕದ ಕೆಲವು ಚಿತ್ರಗಳಲ್ಲಿ ನುಣ್ಣನೆಯ ತಲೆಯ ಹಿಂದೆ ಕಾಣುವ ಕಿರುಜುಟ್ಟು ಆ ಒಪ್ಪಿಗೆಯ ಕುರುಹು.

೧೯೧೫ರ ಮೇ ತಿಂಗಳಿನಲ್ಲಿ ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡಿದಾಗಲೂ, ೧೯೨೦ರಲ್ಲಿ ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಸಂಚರಿಸಿದಾಗಲೂ ಕನ್ನಡಿಗರು ಕಂಡದ್ದು ತಲೆ ಮುಚ್ಚಿದ ಗಾಂಧಿಯನ್ನು. ಈ ನಡುವೆ ಮುಂಡಾಸಿಗೆ ಬದಲಾಗಿ ಬಿಳಿಯ ಖಾದಿ ಟೋಪಿ ಬಂದಿತ್ತು. ಗಾಂಧಿ ಟೋಪಿ ಎಂದೇ ಹೆಸರಾದ ಅದನ್ನು ಅವರು ಧರಿಸಿದ್ದು ಕೆಲವೇ ವರ್ಷ. ಲಕ್ಷಾಂತರ ಜನ ಅದನ್ನು ಹಾಕಿಕೊಳ್ಳತೊಡಗುವ ವೇಳೆಗೆ ಅವರೇ ಅದನ್ನು ಕಳಚಿಟ್ಟಿದ್ದರು.

ಮಧುರೆಯಿಂದ ಬಳ್ಳಾರಿಗೆ

೧೯೨೧ರ ಸೆಪ್ಟೆಂಬರ್ ತಿಂಗಳಿನಲ್ಲಿ ಅಸಹಕಾರ ಚಳವಳಿಯು ವಿದೇಶಿ ಬಟ್ಟೆಯ ಬಹಿಷ್ಕಾರದ ಘಟ್ಟದಲ್ಲಿತ್ತು. ಗಾಂಧಿಯವರೊಡನೆ ಮದ್ರಾಸ್ ಪ್ರಾಂತದ ಪ್ರವಾಸಕ್ಕೆ ಹೊರಟಿದ್ದ ಮೌಲಾನಾ ಮಹಮ್ಮದ್ ಅಲಿಯವರನ್ನು ಸೆಪ್ಟೆಂಬರ್ ೧೪ರಂದು ವಾಲ್ತೇರಿನಲ್ಲಿ ಬಂಧಿಸಲಾಯಿತು. ಪ್ರವಾಸ ಮುಂದುವರಿಯಿತು. ವಿದೇಶಿ ಬಟ್ಟೆ ಸುಡಿರೆಂದಾಗ ಖಾದಿ ಕೊಳ್ಳಲು ಹಣವಿಲ್ಲವೆಂಬ ಉತ್ತರ ಬಡವರಿಂದ ಬರುತ್ತಿತ್ತು. ಟೋಪಿ, ಅಂಗಿ, ಪೂರ್ಣ ಧೋತಿ ತೊಟ್ಟು ಅವರಿಗೆ ಉಪದೇಶಿಸುವುದು ಗಾಂಧಿಯವರಿಗೆ ಸರಿಕಾಣಲಿಲ್ಲ. ಸೆಪ್ಟೆಂಬರ್ ೨೨ರಂದು ಮಧುರೆಯಲ್ಲಿ ಟೋಪಿಯನ್ನೂ ಅಂಗಿಯನ್ನೂ ತ್ಯಜಿಸಿ ಮೊಣಕಾಲ ಮೇಲಿನ ತುಂಡುಬಟ್ಟೆಗೆ ಇಳಿದರು. ಮೊದಲಿಗೆ ಇದನ್ನು ಅಕ್ಟೋಬರ್ ೩೧ರವರೆಗಿನ ವ್ರತವೆಂದು ಸಾರಿದ್ದರು. ಆ ಗಡುವು ಮುಗಿದ ಮೇಲೆಯೂ ಹಿಂದಿನ ಉಡುಪಿಗೆ ಮರಳಲಿಲ್ಲ.

ಟೋಪಿ ಹೋದುದರಿಂದ ತಲೆಯು ಸಾರ್ವಜನಿಕವಾಗಿ ತೆರೆದುಕೊಂಡಿತು. ದಕ್ಷಿಣ ಭಾರತದ ನೋಟಕರಿಗೆ ಬೋಳುತಲೆಯು ಹೊಸದಲ್ಲ. ಸಂನ್ಯಾಸಿಗಳು ಮತ್ತು ವಿರಕ್ತರು ತಲೆಯನ್ನೂ ಮುಖವನ್ನೂ ಬೋಳಿಸುತ್ತಿದ್ದರು. ಸೂತಕದ ಗೃಹಸ್ಥನೂ ಹಾಗೆಯೇ. ವೈದಿಕರು ಜುಟ್ಟು ಬಿಟ್ಟು ಉಳಿದುದನ್ನು ತೆಗೆಸುತ್ತಿದ್ದರು. ತಲೆ ಬೋಳಿಸಿ ಗಡ್ಡ ಬಿಡುವ ರೂಢಿ ಮಲಬಾರಿನ ಮಾಪಿಳ್ಳೆಯರಲ್ಲಿತ್ತು. ತಲೆ ಬೋಳು, ಮುಖದಲ್ಲಿ ಮೀಸೆ, ಮೈಯಲ್ಲಿ ರೈತನ ಬಟ್ಟೆ ಎಂಬ ಗಾಂಧಿಯವರ ರೂಪವು ಈ ಯಾವ ವರ್ಗಕ್ಕೂ ಪೂರ್ತಿಯಾಗಿ ಸೇರುತ್ತಿರಲಿಲ್ಲ. ಸಂನ್ಯಾಸಿಯೆನ್ನಲು ಮೀಸೆ ಅಡ್ಡಬರುತ್ತಿತ್ತು, ಸಂಸಾರಿಯೆನ್ನಲು ತಲೆ ಅಡ್ಡಬರುತ್ತಿತ್ತು. ಕಾವಿ ತೊಡದೆ, ಮಠ ಸೇರದೆ, ಸಂಸಾರದ ನಡುವೆಯೇ ಬ್ರಹ್ಮಚರ್ಯ ಪಾಲಿಸುತ್ತಿದ್ದ ಅವರ ಜೀವನಕ್ಕೆ ಇದು ಹೊಂದಿತ್ತು.

ಮಧುರೆಯಿಂದ ಅವರು ಕಡಪ, ತಾಡಪತ್ರಿ, ಕರ್ನೂಲುಗಳ ಮಾರ್ಗವಾಗಿ ಅಕ್ಟೋಬರ್ ೧ರಂದು ಬಳ್ಳಾರಿಗೆ ಬಂದು ರೈಲು ನಿಲ್ದಾಣದಲ್ಲಿಯೇ ಹಲವು ಗಂಟೆ ಕಳೆದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದು, ಕಾಂಗ್ರೆಸ್ಸು ಭಾಷಾವಾರು ಸಮಿತಿಗಳನ್ನು ರಚಿಸಿದಂದಿನಿಂದ ಊರು ಕರ್ನಾಟಕಕ್ಕೋ ಆಂಧ್ರಕ್ಕೋ ಎಂಬ ವಾದವು ನಡೆದಿತ್ತು. ಆ ವಾದವು ತೀರಲು ಮೂರು ದಶಕ ಹಿಡಿಯಿತು. ಬಳ್ಳಾರಿ ಸೇರಿ ಏಳು ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದದ್ದು ೧೯೫೩ರಲ್ಲಿ, ಅದೂ ಅಕ್ಟೋಬರ್ ೧ರಂದೇ. ಕೊಳಗಲ್ಲು, ಕುರುಗೋಡು, ಸಿರುಗುಪ್ಪಗಳ ಸೀಮೆಯು ಹತ್ತಿ ಬೆಳೆಯುವ ಕಪ್ಪು ನೆಲ. ಹತ್ತಿ ಬೆಳೆದವರೇ ಗಿರಣಿ ಬಟ್ಟೆ ಕೊಳ್ಳುವ ಪ್ರದೇಶದಲ್ಲಿ ಆ ತುಂಡುಬಟ್ಟೆಯ ತರ್ಕಕ್ಕೆ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ನಂತರದ ವರ್ಷಗಳು

ಮುಂದಿನ ಜೀವನದಲ್ಲಿ ರೂಪವು ಹೆಚ್ಚು ಬದಲಾಗಲಿಲ್ಲ. ೧೯೨೪ರ ಡಿಸೆಂಬರಿನ ಬೆಳಗಾವಿ ಅಧಿವೇಶನ, ಅಂದರೆ ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ, ೧೯೨೭ರ ನಂದಿಬೆಟ್ಟದ ವಿಶ್ರಾಂತಿ, ೧೯೩೦ರ ದಂಡಿಯಾತ್ರೆ, ೧೯೩೧ರ ಲಂಡನ್ ದುಂಡುಮೇಜಿನ ಪರಿಷತ್ತು ಎಲ್ಲಕ್ಕೂ ಅದೇ ತಲೆ, ಅದೇ ಮೀಸೆ. ವಯಸ್ಸಿನೊಡನೆ ಕೂದಲು ತಾನಾಗಿ ಉದುರಿತು, ಮೀಸೆ ಬೆಳ್ಳಗಾಯಿತು. ಜುಟ್ಟು ಕಂಡೀತೆಂಬ ಅಂಜಿಕೆಯಿಂದ ೧೮೮೮ರಲ್ಲಿ ಕಾಲಿಟ್ಟಿದ್ದ ನಗರದಲ್ಲಿ ೧೯೩೧ರಲ್ಲಿ ಅವರು ಬರಿದಲೆಯಲ್ಲಿ, ಬರಿಮೊಣಕಾಲಿನಲ್ಲಿ ದೊರೆಯ ಅರಮನೆಗೂ ಹೋಗಿಬಂದರು.

ಅಸ್ಪೃಶ್ಯತೆಯ ವಿರುದ್ಧ ೧೯೩೩–೩೪ರಲ್ಲಿ ಕೈಗೊಂಡ ಹರಿಜನ ಪ್ರವಾಸದಲ್ಲಿ ಸಂಡೂರಿಗೂ ಬಂದಿದ್ದರು. ಅಲ್ಲಿನ ಘೋರ್ಪಡೆ ಅರಸರು ಅದಕ್ಕೆ ಮುಂಚೆಯೇ ಕುಮಾರಸ್ವಾಮಿ ದೇವಾಲಯದ ಬಾಗಿಲನ್ನು ದಲಿತರಿಗೆ ತೆರೆದಿದ್ದರು. ಪ್ರಿಟೋರಿಯಾದ ಕ್ಷೌರದಂಗಡಿಯಲ್ಲಿ ಅವರಿಗೆ ಹೊಳೆದಿದ್ದ ಪ್ರಶ್ನೆಯೇ ಈ ಪ್ರವಾಸದ ವಿಷಯವೂ ಆಗಿತ್ತು. ೧೯೪೮ರ ಜನವರಿ ೩೦ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ, ಪ್ರಾರ್ಥನಾ ಸಭೆಗೆ ನಡೆದುಹೋಗುತ್ತಿದ್ದಾಗ, ನಾಥೂರಾಮ್ ಗೋಡ್ಸೆಯ ಗುಂಡಿಗೆ ಬಲಿಯಾದರು.

ಚಿತ್ರಣ

೧೯೬೯ರ ಜನ್ಮಶತಾಬ್ದಿಯಂದು ಭಾರತೀಯ ರಿಸರ್ವ್ ಬ್ಯಾಂಕು ಗಾಂಧಿಯವರ ಚಿತ್ರವುಳ್ಳ ನೋಟುಗಳನ್ನು ಮೊದಲಿಗೆ ಹೊರತಂದಿತು. ೧೯೯೬ರ ಮಹಾತ್ಮ ಗಾಂಧಿ ಸರಣಿಯಿಂದೀಚೆಗೆ ನಗುಮುಖದ ಆ ಬೋಳುತಲೆ ಮತ್ತು ಮೀಸೆ ಎಲ್ಲರ ಜೇಬಿಗೂ ಬಂದಿದೆ. ರಿಚರ್ಡ್ ಅಟೆನ್‌ಬರೊ ಅವರ ೧೯೮೨ರ ಚಲನಚಿತ್ರಕ್ಕಾಗಿ ನಟ ಬೆನ್ ಕಿಂಗ್ಸ್ಲೆ ತಲೆ ಬೋಳಿಸಿಕೊಂಡರು. ಬಳ್ಳಾರಿ ಸೀಮೆಯ ಕೊಟ್ಟೂರಿನವರಾದ ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ 'ಕೂರ್ಮಾವತಾರ' ಚಿತ್ರದಲ್ಲಿ, ನಿವೃತ್ತಿಯ ಅಂಚಿನಲ್ಲಿರುವ ಸರ್ಕಾರಿ ನೌಕರನೊಬ್ಬನನ್ನು ಮುಖದ ಹೋಲಿಕೆಯ ಕಾರಣದಿಂದ ದೂರದರ್ಶನ ಧಾರಾವಾಹಿಯ ಗಾಂಧಿ ಪಾತ್ರಕ್ಕೆ ಆರಿಸಲಾಗುತ್ತದೆ. ಗಾಂಧಿಯನ್ನು ಓದಿಯೇ ಇರದ ಅವನನ್ನು ಜನರು ಬೀದಿಯಲ್ಲಿ ಗಾಂಧಿಯೆಂದೇ ನಂಬತೊಡಗುತ್ತಾರೆ. ಆ ಪಾತ್ರದಲ್ಲಿ ಶಿಕಾರಿಪುರ ಕೃಷ್ಣಮೂರ್ತಿಯವರು ನಟಿಸಿದ್ದು, ಚಿತ್ರವು ೨೦೧೧ನೆಯ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು.