ಜೆ. ಆರ್. ಡಿ. ಟಾಟಾ

ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ (29 ಜುಲೈ 1904 – 29 ನವೆಂಬರ್ 1993) ಭಾರತದ ಉದ್ಯಮಿ, ವೈಮಾನಿಕ ಮತ್ತು ದೇಶದ ನಾಗರಿಕ ವಿಮಾನಯಾನದ ಪ್ರವರ್ತಕರು. ಜೆ. ಆರ್. ಡಿ. ಎಂಬ ಹ್ರಸ್ವನಾಮದಿಂದಲೇ ಹೆಚ್ಚು ಪರಿಚಿತರು. 1938ರಿಂದ 1991ರವರೆಗೆ ಟಾಟಾ ಸನ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. 1932ರಲ್ಲಿ ಅವರು ಆರಂಭಿಸಿದ ಟಾಟಾ ಏರ್‌ಲೈನ್ಸ್ ಮುಂದೆ ಏರ್ ಇಂಡಿಯಾ ಆಯಿತು. ಸರ್ಕಾರದ ಒಡೆತನಕ್ಕೆ ಹೋದ ಮೇಲೂ 1978ರವರೆಗೆ ಅದರ ಚುಕ್ಕಾಣಿ ಅವರ ಕೈಯಲ್ಲೇ ಇತ್ತು. 1992ರಲ್ಲಿ ಭಾರತ ರತ್ನ ಪ್ರಶಸ್ತಿ ಪಡೆದರು. ಅವರ ಜೀವನವೃತ್ತಾಂತಗಳಲ್ಲಿ ಹಾರಾಟದ ಸಾಹಸಗಳಿಗೆ ದೊರೆತ ಸ್ಥಾನ, ವಿಮಾನ ಸಂಸ್ಥೆಯ ನೌಕರರ ವೇತನ, ಭವಿಷ್ಯ ನಿಧಿ, ನಿವೃತ್ತಿ ಸೌಲಭ್ಯಗಳ ಪ್ರಶ್ನೆಗೆ ದೊರೆತಿಲ್ಲ. ಆದರೆ ಅವರ ವೃತ್ತಿಜೀವನದ ಬಹುಭಾಗ ಈ ಪ್ರಶ್ನೆಯೊಂದಿಗೆ ಹೆಣೆದುಕೊಂಡಿದೆ.

ಆರಂಭಿಕ ಜೀವನ

ಜೆ. ಆರ್. ಡಿ. ಪ್ಯಾರಿಸ್‌ನಲ್ಲಿ ಜನಿಸಿದರು. ತಂದೆ ರತನ್‌ಜಿ ದಾದಾಭಾಯ್ ಟಾಟಾ, ತಾಯಿ ಫ್ರಾನ್ಸ್ ಮೂಲದ ಸುಜಾನ್ ಬ್ರಿಯೆರ್. ಬಾಲ್ಯ ಹಾಗೂ ವಿದ್ಯಾಭ್ಯಾಸ ಫ್ರಾನ್ಸ್, ಜಪಾನ್, ಭಾರತ ಮತ್ತು ಇಂಗ್ಲೆಂಡ್‌ಗಳಲ್ಲಿ ಹಂಚಿಹೋದವು. ಇಂಗ್ಲಿಷ್ ಕಾಲುವೆಯನ್ನು ಮೊದಲು ಹಾರಿ ದಾಟಿದ ಲೂಯಿ ಬ್ಲೆರಿಯೊ ಅವರ ಮನೆಯ ಹತ್ತಿರವೇ ಟಾಟಾ ಕುಟುಂಬದ ಬೇಸಿಗೆ ಮನೆ ಇತ್ತು. ಹಾರಾಟದ ಹಂಬಲ ಅಲ್ಲಿಯೇ ಮೊಳೆಯಿತು.

ಕೇಂಬ್ರಿಜ್‌ನಲ್ಲಿ ಇಂಜಿನಿಯರಿಂಗ್ ಓದುವ ಆಸೆಯಿದ್ದರೂ ತಂದೆಯ ಕರೆಯ ಮೇರೆಗೆ 1925ರ ಡಿಸೆಂಬರ್‌ನಲ್ಲಿ ಮುಂಬಯಿಯ ಟಾಟಾ ಕಚೇರಿಗೆ ಸೇರಿದರು. ಸೇರಿದ್ದು ವೇತನವಿಲ್ಲದ ತರಬೇತಿದಾರರಾಗಿ. ಮರುವರ್ಷವೇ ತಂದೆ ತೀರಿಕೊಂಡರು. ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕೊರತೆ ಅವರನ್ನು ಕೊನೆಯವರೆಗೂ ಕಾಡಿತ್ತು. 1929ರಲ್ಲಿ ಫ್ರೆಂಚ್ ಪೌರತ್ವವನ್ನು ತ್ಯಜಿಸಿದರು. 1930ರಲ್ಲಿ ಥೆಲ್ಮಾ ವಿಕಾಜಿ ಅವರನ್ನು ವಿವಾಹವಾದರು.

ವೈಮಾನಿಕರಾಗಿ

1929ರ ಫೆಬ್ರವರಿ 10ರಂದು ಅವರಿಗೆ ದೊರೆತ ವೈಮಾನಿಕ ಪರವಾನಗಿಯ ಕ್ರಮಸಂಖ್ಯೆ 1. ಭಾರತದಲ್ಲಿ ಇಂಥ ಪರವಾನಗಿ ಪಡೆದವರಲ್ಲಿ ಅವರೇ ಮೊದಲಿಗರು. 1930ರಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬಂಟಿಯಾಗಿ ಹಾರಿದ ಮೊದಲ ಭಾರತೀಯನಿಗೆ ಆಗಾ ಖಾನರು ಬಹುಮಾನ ಘೋಷಿಸಿದಾಗ ಜೆ. ಆರ್. ಡಿ. ಕರಾಚಿಯಿಂದ ಹೊರಟರು. ಎದುರು ದಿಕ್ಕಿನಿಂದ ಬರುತ್ತಿದ್ದ ಸ್ಪರ್ಧಿ, ಹದಿಹರೆಯದ ಆಸ್ಪಿ ಇಂಜಿನಿಯರ್, ಈಜಿಪ್ಟಿನ ಅಬುಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್ ಕೆಟ್ಟು ನಿಂತಿದ್ದರು. ಜೆ. ಆರ್. ಡಿ. ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್‌ಗಳನ್ನು ಕೊಟ್ಟರು. ಬಹುಮಾನ ಆಸ್ಪಿ ಅವರ ಪಾಲಾಯಿತು. ಮುಂದೆ ಅವರು ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಟಾಟಾ ಏರ್‌ಲೈನ್ಸ್ ಮತ್ತು ಬಳ್ಳಾರಿ

ವಿಮಾನದ ಮೂಲಕ ಅಂಚೆ ಸಾಗಿಸುವ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟವರು ಬ್ರಿಟಿಷ್ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್. ಅಂದಿನ ಅಧ್ಯಕ್ಷ ಸರ್ ದೊರಾಬ್ಜಿ ಟಾಟಾ ಅರೆಮನಸ್ಸಿನಿಂದ 2 ಲಕ್ಷ ರೂಪಾಯಿ ಬಂಡವಾಳಕ್ಕೆ ಒಪ್ಪಿಗೆ ನೀಡಿದರು. ಸರ್ಕಾರ ಸಹಾಯಧನ ಕೊಡಲಿಲ್ಲ. ಸಾಗಿಸಿದ ಅಂಚೆಯ ತೂಕಕ್ಕೆ ತಕ್ಕಂತೆ ಹಣ ಎಂಬುದಷ್ಟೇ ಒಪ್ಪಂದ.

1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಪುಸ್ ಮಾತ್ ಎಂಬ ಒಂಟಿ ಇಂಜಿನ್ನಿನ ಪುಟ್ಟ ವಿಮಾನದಲ್ಲಿ ಹೊರಟು ಅಹಮದಾಬಾದ್ ಮೂಲಕ ಮುಂಬಯಿಯ ಜುಹು ತಲುಪಿದರು. ಅಹಮದಾಬಾದ್‌ನಲ್ಲಿ ಇಂಧನದ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಜುಹುವಿನಿಂದ ಅಂಚೆಯನ್ನು ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಹೀಗೆ ಭಾರತೀಯ ಸಂಸ್ಥೆಯೊಂದರ ಮೊದಲ ನಿಯತ ವಾಯುಮಾರ್ಗದಲ್ಲಿಯೇ ಕನ್ನಡ ನಾಡಿನ ಊರೊಂದಿತ್ತು. ಆಗ ಬಳ್ಳಾರಿ, ಕೊಳ್ಳೇಗಾಲದಂತೆಯೇ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ಈ ಸಂಗತಿ ಮೈಸೂರಿನ ಇತಿಹಾಸದಲ್ಲಾಗಲಿ ಕರ್ನಾಟಕದ ಇತಿಹಾಸದಲ್ಲಾಗಲಿ ಹೆಚ್ಚಾಗಿ ಕಾಣಸಿಗುವುದಿಲ್ಲ.

ಆರಂಭದಲ್ಲಿ ವಿಮಾನ ನಡೆಸುತ್ತಿದ್ದವರು ಜೆ. ಆರ್. ಡಿ., ವಿನ್ಸೆಂಟ್ ಮತ್ತು ಹೋಮಿ ಭರೂಚಾ, ಈ ಮೂವರೇ. ಜುಹುವಿನ ಬಯಲಿನಲ್ಲಿ ಹುಲ್ಲಿನ ಮಾಡಿನ ಗುಡಿಸಲೇ ಕಚೇರಿ. ಮಳೆಗಾಲದಲ್ಲಿ ಆ ಬಯಲು ಮುಳುಗುತ್ತಿದ್ದುದರಿಂದ ಸಂಸ್ಥೆ ಪುಣೆಗೆ ಸ್ಥಳಾಂತರವಾಗುತ್ತಿತ್ತು. 1942ರಲ್ಲಿ ವಿನ್ಸೆಂಟ್ ಅವರಿದ್ದ ವಿಮಾನ ಯುದ್ಧಕಾಲದಲ್ಲಿ ಫ್ರಾನ್ಸಿನ ಕರಾವಳಿಯ ಬಳಿ ಕಣ್ಮರೆಯಾಯಿತು.

ಕಾರ್ಮಿಕ ನೀತಿ

1938ರಲ್ಲಿ, 34ನೆಯ ವಯಸ್ಸಿನಲ್ಲಿ, ಜೆ. ಆರ್. ಡಿ. ಟಾಟಾ ಸಮೂಹದ ಅಧ್ಯಕ್ಷರಾದರು. ಜಮ್ಶೆಡ್‌ಪುರದ ಉಕ್ಕಿನ ಕಾರ್ಖಾನೆಯ ಕಾರ್ಮಿಕ ಸೌಲಭ್ಯಗಳೆಲ್ಲವನ್ನೂ ಅವರ ಹೆಸರಿಗೆ ಜಮಾ ಮಾಡುವುದು ವಾಡಿಕೆಯಾಗಿದೆ. ಇದು ಸರಿಯಲ್ಲ. ಎಂಟು ಗಂಟೆಯ ದುಡಿಮೆ (1912), ಭವಿಷ್ಯ ನಿಧಿ ಮತ್ತು ವೇತನಸಹಿತ ರಜೆ (1920), ಲಾಭದಲ್ಲಿ ಪಾಲು (1934), ನಿವೃತ್ತಿ ಉಪದಾನ ಅಥವಾ ಗ್ರಾಚ್ಯುಟಿ (1937) ಇವೆಲ್ಲ ಅವರು ಅಧ್ಯಕ್ಷರಾಗುವ ಮೊದಲೇ ಜಾರಿಯಾಗಿದ್ದವು. ಇವುಗಳಲ್ಲಿ ಭವಿಷ್ಯ ನಿಧಿಯು ದೇಶದ ಕಾರ್ಖಾನೆಗಳಿಗೆ ಕಾನೂನಿನ ಮೂಲಕ ಕಡ್ಡಾಯವಾದದ್ದು 1952ರಲ್ಲಿ, ಗ್ರಾಚ್ಯುಟಿ 1972ರಲ್ಲಿ.

ಜೆ. ಆರ್. ಡಿ. ಅವರ ಸ್ವಂತ ಕೊಡುಗೆ ಬೇರೆ ಬಗೆಯದು. ಯಂತ್ರಗಳ ನಿರ್ವಹಣೆಗೆ ವಿಭಾಗವಿರುವಾಗ ಸಾವಿರಾರು ಕೆಲಸಗಾರರ ವ್ಯವಹಾರ ನೋಡಿಕೊಳ್ಳಲು ಪ್ರತ್ಯೇಕ ವಿಭಾಗವಿಲ್ಲದಿರುವುದು ಅವರಿಗೆ ಅಸಂಗತವಾಗಿ ತೋರಿತು. 1940ರ ದಶಕದಲ್ಲಿ ಅವರ ಸೂಚನೆಯಂತೆ ಉಕ್ಕಿನ ಕಂಪನಿಯಲ್ಲಿ ಸಿಬ್ಬಂದಿ ವಿಭಾಗ ಸ್ಥಾಪನೆಯಾಯಿತು. 1956ರಲ್ಲಿ ಮೈಕೆಲ್ ಜಾನ್ ನೇತೃತ್ವದ ಟಾಟಾ ವರ್ಕರ್ಸ್ ಯೂನಿಯನ್ ಜೊತೆ ಆದ ಒಪ್ಪಂದವು ಆಡಳಿತ ಮತ್ತು ಕಾರ್ಮಿಕರ ಜಂಟಿ ಸಮಾಲೋಚನೆಗೆ ದಾರಿ ಮಾಡಿತು. ಕೆಲಸಗಾರನು ಮನೆಯಿಂದ ಹೊರಟ ಕ್ಷಣದಿಂದ ಹಿಂತಿರುಗುವವರೆಗೆ ಕೆಲಸದಲ್ಲಿರುವನೆಂದೇ ಭಾವಿಸಿ, ದಾರಿಯಲ್ಲಾಗುವ ಅಪಘಾತಕ್ಕೂ ಪರಿಹಾರ ನೀಡುವ ಪದ್ಧತಿ 1979ರಲ್ಲಿ ಬಂತು.

ರಾಷ್ಟ್ರೀಕರಣ

1946ರ ಜುಲೈ 29ರಂದು ಟಾಟಾ ಏರ್‌ಲೈನ್ಸ್ ಏರ್ ಇಂಡಿಯಾ ಎಂಬ ಸಾರ್ವಜನಿಕ ಷೇರು ಕಂಪನಿಯಾಯಿತು. 1948ರ ಮಾರ್ಚ್‌ನಲ್ಲಿ ಸರ್ಕಾರ ಶೇ. 49ರಷ್ಟು ಪಾಲು ಪಡೆದ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸ್ಥಾಪನೆಯಾಯಿತು. ಅದೇ ವರ್ಷ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ವಿಮಾನ ಮುಂಬಯಿಯಿಂದ ಕೈರೊ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿತು.

ಇದೇ ಅವಧಿಯಲ್ಲಿ ದೇಶದೊಳಗಿನ ವಿಮಾನಯಾನ ಬಿಕ್ಕಟ್ಟಿಗೆ ಸಿಲುಕಿತ್ತು. ಯುದ್ಧಾನಂತರ ಅಗ್ಗವಾಗಿ ಸಿಕ್ಕ ಡಕೋಟಾ ವಿಮಾನಗಳನ್ನು ಕೊಂಡು ಹಲವು ಕಂಪನಿಗಳು ಹುಟ್ಟಿಕೊಂಡವು. ಮಾರುಕಟ್ಟೆ ಹೊರಲಾರದಷ್ಟು ಪರವಾನಗಿಗಳನ್ನು ಸರ್ಕಾರ ನೀಡಿತು. ಅಂಬಿಕಾ, ಜುಪಿಟರ್ ಮುಂತಾದ ಸಂಸ್ಥೆಗಳು ನಷ್ಟದಿಂದ ಮುಚ್ಚಿದವು. ಈ ಪರವಾನಗಿ ನೀತಿಯನ್ನು ಜೆ. ಆರ್. ಡಿ. ತೀವ್ರವಾಗಿ ವಿರೋಧಿಸಿದ್ದರು. 1950ರಲ್ಲಿ ವರದಿ ನೀಡಿದ ನ್ಯಾಯಮೂರ್ತಿ ರಾಜಾಧ್ಯಕ್ಷ ಸಮಿತಿಯು ತಕ್ಷಣದ ರಾಷ್ಟ್ರೀಕರಣವನ್ನು ಶಿಫಾರಸು ಮಾಡಿರಲಿಲ್ಲ. ಆದರೂ 1953ರ ವಾಯು ನಿಗಮಗಳ ಕಾಯಿದೆಯ ಮೂಲಕ ಸರ್ಕಾರ ಎಲ್ಲ ಕಂಪನಿಗಳನ್ನು ವಶಕ್ಕೆ ತೆಗೆದುಕೊಂಡಿತು. ಎಂಟು ದೇಶೀಯ ಕಂಪನಿಗಳು ಸೇರಿ ಇಂಡಿಯನ್ ಏರ್‌ಲೈನ್ಸ್ ಆಯಿತು. ವಿದೇಶಯಾನಕ್ಕೆ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಉಳಿಯಿತು.

ಮಾಲೀಕರಿಗೆ ಕೊಟ್ಟ ಪರಿಹಾರದ ಚರ್ಚೆಯಲ್ಲಿ ಮರೆತುಹೋಗುವ ಅಂಶವೊಂದು ಈ ಕಾಯಿದೆಯಲ್ಲಿದೆ. ಹಳೆಯ ಕಂಪನಿಗಳ ನೌಕರರು ಅದೇ ವೇತನ, ಅದೇ ಸೇವಾ ನಿಯಮ, ನಿವೃತ್ತಿ ವೇತನ ಹಾಗೂ ಉಪದಾನದ ಅದೇ ಹಕ್ಕುಗಳೊಂದಿಗೆ ನಿಗಮಗಳಿಗೆ ವರ್ಗಾವಣೆಯಾಗುವಂತೆ ಅದು ವಿಧಿಸಿತು. ಹೊಸ ಮಾಲೀಕನ ಬಳಿ ದುಡಿಯಲು ಇಷ್ಟವಿಲ್ಲದವರಿಗೆ ಹೊರಗುಳಿಯುವ ಅವಕಾಶವನ್ನೂ ಇಟ್ಟಿತು. ವಿಮಾನ ಕಂಪನಿ ಕೈ ಬದಲಾಯಿಸುವಾಗ ಅಥವಾ ಮುಳುಗುವಾಗ ಮೊದಲು ಅನಿಶ್ಚಿತವಾಗುವುದು ನೌಕರನ ಬಾಕಿ ಸಂಬಳ ಮತ್ತು ನಿವೃತ್ತಿ ನಿಧಿ. ಹಾಗಾಗಿ ಈ ಕಲಮಿನ ಬೆಲೆ ಸಣ್ಣದಲ್ಲ.

ಏರ್ ಇಂಡಿಯಾ ಅಧ್ಯಕ್ಷರಾಗಿ

ರಾಷ್ಟ್ರೀಕರಣದಿಂದ ನೊಂದಿದ್ದರೂ ಪ್ರಧಾನಿ ನೆಹರೂ ಅವರ ಕೋರಿಕೆಯಂತೆ ಜೆ. ಆರ್. ಡಿ. ಏರ್ ಇಂಡಿಯಾದ ಅಧ್ಯಕ್ಷತೆ ವಹಿಸಿದರು. ಈ ಹುದ್ದೆಗೆ ಅವರು ಸಂಬಳ ಪಡೆಯಲಿಲ್ಲ. ಪ್ರಯಾಣ ಮಾಡುವಾಗಲೆಲ್ಲ ಕಾಫಿಯ ಬಣ್ಣ, ಪರದೆಯ ಕೊಳೆ, ಸಿಬ್ಬಂದಿಯ ಉಡುಪು ಇತ್ಯಾದಿಗಳ ಬಗ್ಗೆ ಟಿಪ್ಪಣಿ ಬರೆದು ಅಧಿಕಾರಿಗಳಿಗೆ ಕಳುಹಿಸುವುದು ಅವರ ಅಭ್ಯಾಸವಾಗಿತ್ತು. 1950 ಮತ್ತು 1966ರಲ್ಲಿ ಸಂಸ್ಥೆಯ ಎರಡು ವಿಮಾನಗಳು ಮೋಂ ಬ್ಲಾಂ ಪರ್ವತಕ್ಕೆ ಅಪ್ಪಳಿಸಿದವು. ಎರಡನೆಯ ದುರಂತದಲ್ಲಿ ಮಡಿದ 117 ಜನರಲ್ಲಿ ಅವರ ಆಪ್ತರಾದ ಹೋಮಿ ಭಾಭಾ ಒಬ್ಬರು. ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಜೆ. ಆರ್. ಡಿ. ಅವರೊಂದಿಗೆ ನಡೆಸಿದ ಪತ್ರವ್ಯವಹಾರದ ಫಲವಾಗಿಯೇ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ ಆರಂಭಗೊಂಡಿತ್ತು.

ಸರ್ಕಾರಿ ನಿಗಮದಲ್ಲಿ ವೇತನ ನಿಗದಿ ಅಧ್ಯಕ್ಷರೊಬ್ಬರ ಕೈಯಲ್ಲಿರಲಿಲ್ಲ. ವಿದೇಶಿ ವಿಮಾನ ಸಂಸ್ಥೆಗಳೊಂದಿಗೆ ಸ್ಪರ್ಧಿಸಬೇಕಾದ ಕಂಪನಿಯ ವೈಮಾನಿಕರು ತಮ್ಮ ಸಂಬಳವನ್ನು ಅಲ್ಲಿನವರ ಸಂಬಳದೊಂದಿಗೆ ಹೋಲಿಸುವುದು ಸಹಜ; ಸರ್ಕಾರವಾದರೋ ಅದನ್ನು ಇತರ ಸಾರ್ವಜನಿಕ ಉದ್ಯಮಗಳ ಸಂಬಳದೊಂದಿಗೆ ಹೋಲಿಸುತ್ತಿತ್ತು. ನೌಕರರ ಬೇಡಿಕೆಗಳು ಕೈಗಾರಿಕಾ ನ್ಯಾಯಮಂಡಳಿಗಳ ಮುಂದೆ ಹೋದವು. 1965ರ ಖೋಸ್ಲಾ ತೀರ್ಪು, 1972ರ ಮಹೇಶ್ ತೀರ್ಪು ಇವುಗಳಲ್ಲಿ ಮುಖ್ಯವಾದವು.

ಜೆ. ಆರ್. ಡಿ. ಅವರ ಕಾಲದ ಸೇವಾ ನಿಯಮಗಳಲ್ಲಿ ಅತ್ಯಂತ ಟೀಕೆಗೆ ಒಳಗಾದವು ಗಗನಸಖಿಯರಿಗೆ ಸಂಬಂಧಿಸಿದವು. ಪುರುಷ ಪರಿಚಾರಕರು 58 ವರ್ಷದವರೆಗೆ ಸೇವೆಯಲ್ಲಿರಬಹುದಾಗಿದ್ದರೆ, ಗಗನಸಖಿಯರು 35ಕ್ಕೆ ನಿವೃತ್ತರಾಗಬೇಕಿತ್ತು. ಸೇವೆಗೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಬಾರಿ ಗರ್ಭಿಣಿಯಾದರೆ ಅದಕ್ಕೂ ಮೊದಲೇ ಕೆಲಸ ಹೋಗುತ್ತಿತ್ತು. 35ರ ನಂತರದ ವಿಸ್ತರಣೆ ವ್ಯವಸ್ಥಾಪಕ ನಿರ್ದೇಶಕರ ಇಚ್ಛೆಗೆ ಬಿಟ್ಟದ್ದು. ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರ ಆಗಸ್ಟ್‌ನಲ್ಲಿ ಗರ್ಭಧಾರಣೆಯ ನಿಯಮವನ್ನೂ ನಿರ್ದೇಶಕರ ಈ ವಿವೇಚನಾಧಿಕಾರವನ್ನೂ ರದ್ದುಪಡಿಸಿತು. ಮದುವೆಯ ನಿಯಮವನ್ನು ಮಾತ್ರ ಎತ್ತಿಹಿಡಿಯಿತು. ಬೇಗ ನಿವೃತ್ತಿ ಎಂದರೆ ಸಂಬಳ ನಿಲ್ಲುವುದಷ್ಟೇ ಅಲ್ಲ, ಭವಿಷ್ಯ ನಿಧಿ ಬೆಳೆಯಬೇಕಾದ ವರ್ಷಗಳೂ ಕಳೆದುಹೋಗುತ್ತವೆ.

ಇದಕ್ಕೆ ಪ್ರತಿಯಾಗಿ ಕನ್ನಡಿಗರಿಗೆ ಚೆನ್ನಾಗಿ ತಿಳಿದ ಘಟನೆಯೊಂದಿದೆ. 1974ರಲ್ಲಿ ಬೆಂಗಳೂರಿನಲ್ಲಿ ವಿದ್ಯಾರ್ಥಿನಿಯಾಗಿದ್ದ ಸುಧಾ ಮೂರ್ತಿ, ಮಹಿಳೆಯರು ಅರ್ಜಿ ಹಾಕಬಾರದೆಂದಿದ್ದ ಟೆಲ್ಕೊ ಕಂಪನಿಯ ಜಾಹೀರಾತನ್ನು ಪ್ರತಿಭಟಿಸಿ ಜೆ. ಆರ್. ಡಿ. ಅವರಿಗೆ ಅಂಚೆ ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ದೊರೆಯಿತು. ಒಂದೇ ದಶಕದ ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಬೇಕು.

ವಜಾ ಮತ್ತು ಕೊನೆಯ ವರ್ಷಗಳು

1978ರ ಫೆಬ್ರವರಿಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಜೆ. ಆರ್. ಡಿ. ಅವರನ್ನು ಅಧ್ಯಕ್ಷಸ್ಥಾನದಿಂದ ತೆಗೆದು ನಿವೃತ್ತ ಏರ್ ಚೀಫ್ ಮಾರ್ಷಲ್ ಪಿ. ಸಿ. ಲಾಲ್ ಅವರನ್ನು ನೇಮಿಸಿತು. ಅಧಿಕೃತ ಪತ್ರ ಕೈಸೇರುವ ಮುನ್ನವೇ ಅವರಿಗೆ ಸುದ್ದಿ ತಿಳಿದಿತ್ತು. ವ್ಯವಸ್ಥಾಪಕ ನಿರ್ದೇಶಕ ಕೆ. ಜಿ. ಅಪ್ಪುಸ್ವಾಮಿ ಮತ್ತು ಅವರ ಸಹಾಯಕ ನಾರಿ ದಸ್ತೂರ್ ಪ್ರತಿಭಟನೆಯಾಗಿ ರಾಜೀನಾಮೆ ನೀಡಿದರು. 1980ರಲ್ಲಿ ಇಂದಿರಾ ಗಾಂಧಿ ಅವರು ಜೆ. ಆರ್. ಡಿ. ಅವರನ್ನು ಮತ್ತೆ ಮಂಡಳಿಗೆ ಸೇರಿಸಿಕೊಂಡರು, ಅಧ್ಯಕ್ಷರನ್ನಾಗಿ ಅಲ್ಲ.

1982ರ ಅಕ್ಟೋಬರ್ 15ರಂದು, 78ನೆಯ ವಯಸ್ಸಿನಲ್ಲಿ, ಮೊದಲ ಹಾರಾಟದ ಸುವರ್ಣ ಮಹೋತ್ಸವಕ್ಕಾಗಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಹಳೆಯ ಮಾದರಿಯ ವಿಮಾನವನ್ನು ನಡೆಸಿಕೊಂಡು ಬಂದರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 1988ರಲ್ಲಿ ಸ್ಥಾಪನೆಯಾದದ್ದು ಅವರ ಆಲೋಚನೆಯಿಂದ. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು. ಪ್ಯಾರಿಸ್‌ನ ಪೆರ್ ಲಾಶೇಸ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ನಂತರದ ಬೆಳವಣಿಗೆಗಳು

ಜೆ. ಆರ್. ಡಿ. ನಿಧನರಾಗುವ ವೇಳೆಗೆ ಖಾಸಗಿ ವಿಮಾನ ಸಂಸ್ಥೆಗಳು ಮತ್ತೆ ಕಾಲಿಟ್ಟಿದ್ದವು. 1940ರ ದಶಕದ ಸಮಸ್ಯೆಯೂ ಮರಳಿತು. ಬೆಂಗಳೂರು ಮೂಲದ ಕಿಂಗ್‌ಫಿಷರ್ ಏರ್‌ಲೈನ್ಸ್ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿಕೊಂಡು 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಅದರ ನೌಕರರಿಗೆ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯನ್ನು ಪೂರ್ತಿಯಾಗಿ ಕೊಡಬೇಕೆಂದು ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ 2022ರಲ್ಲಿ ಆದೇಶಿಸಿತು, 2023ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲು ನಿರಾಕರಿಸಿತು. ಕೆಲಸ ಅರಸಿ ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ಭಾರತೀಯ ವೈಮಾನಿಕರ ಸ್ಥಿತಿ ಬೇರೆ: ಭಾರತದ ಭವಿಷ್ಯ ನಿಧಿ ಕಾನೂನು ಅಲ್ಲಿಗೆ ಅನ್ವಯಿಸದು, ಸೇವೆ ಮುಗಿದಾಗ ಒಂದೇ ಗಂಟಿನಲ್ಲಿ ಕೊಡುವ ಉಪದಾನವೇ ಅಲ್ಲಿನ ಸಾಮಾನ್ಯ ವಾಡಿಕೆ.

2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾ ಸಮೂಹಕ್ಕೆ ಮರಳಿತು. 1952–53ರಿಂದಲೂ ಅದರ ನೌಕರರ ಭವಿಷ್ಯ ನಿಧಿ 1925ರ ಹಳೆಯ ಕಾಯಿದೆಯಡಿ ಪ್ರತ್ಯೇಕವಾಗಿ ನಡೆಯುತ್ತಿತ್ತು. ಆ ವ್ಯವಸ್ಥೆಯಲ್ಲಿ ನಿಧಿ ಇತ್ತು, ಆದರೆ ಶಾಸನಬದ್ಧ ಪಿಂಚಣಿಯಾಗಲಿ, ನೌಕರ ಮೃತನಾದರೆ ಕುಟುಂಬಕ್ಕೆ ವಿಮೆಯಾಗಲಿ ಇರಲಿಲ್ಲ. ಹಸ್ತಾಂತರದ ಹೊಸ್ತಿಲಲ್ಲಿ, 2021ರ ಡಿಸೆಂಬರ್ 1ರಿಂದ ಜಾರಿಗೆ ಬರುವಂತೆ, ಸುಮಾರು 7,450 ನೌಕರರು ನೌಕರರ ಭವಿಷ್ಯ ನಿಧಿ ಸಂಘಟನೆಯ ವ್ಯಾಪ್ತಿಗೆ ಬಂದರು. ಮಾಲೀಕರ ವಂತಿಗೆ ಶೇ. 10ರಿಂದ ಶೇ. 12ಕ್ಕೆ ಏರಿತು.