ಡೆನಿಸ್ ರಿಚಿ: ಹೆಸರುಗಳ ಜಗಳ ಮತ್ತು ಸಿ ಭಾಷೆ

ಹೆಸರಿನ ಮುಂದೆ ಅಂಡರ್‌ಸ್ಕೋರ್, ಅಂದರೆ ಅಡಿಗೆರೆ, ಹಾಕಿದರೆ ಅದು ಬೇರೆ ಯಾವ ಹೆಸರಿಗೂ ಡಿಕ್ಕಿ ಹೊಡೆಯುವುದಿಲ್ಲ ಎಂದು ಪ್ರೋಗ್ರಾಮಿಂಗ್ ಕಲಿಯುವ ಹಲವರು ನಂಬುತ್ತಾರೆ. ಸಿ ಭಾಷೆಯಲ್ಲಿ ನಿಜಸಂಗತಿ ಇದಕ್ಕೆ ತದ್ವಿರುದ್ಧ. ಏಕೆಂದು ತಿಳಿಯಲು ಆ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿಯವರ ಬದುಕಿನತ್ತ ನೋಡೋಣ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ, ಗಣಿತ ಓದಿದ ಮಗನೂ 1967ರಲ್ಲಿ ಅಲ್ಲಿಗೇ ಸೇರಿದರು. ಸಹೋದ್ಯೋಗಿ ಕೆನ್ ಥಾಂಪ್ಸನ್ ಮಾಡಿದ್ದ ‘ಬಿ’ ಭಾಷೆಯನ್ನು ಬೆಳೆಸಿ, 1972ರ ಹೊತ್ತಿಗೆ ಸಿ ಭಾಷೆಗೆ ರೂಪ ಕೊಟ್ಟರು. ಮರುವರ್ಷ ಯುನಿಕ್ಸ್‌ನ ತಿರುಳನ್ನು ಅದರಲ್ಲೇ ಮತ್ತೆ ಬರೆಯಲಾಯಿತು.

ಸಿದ್ಧ ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ಹೇಳುವ ಕಡತವೇ ಹೆಡರ್ ಫೈಲ್. ಅದನ್ನು ಸೇರಿಸಿಕೊಂಡರೆ ಅದರೊಳಗಿನ ಹೆಸರುಗಳೆಲ್ಲ ನಮ್ಮ ಪ್ರೋಗ್ರಾಂಗೆ ಬರುತ್ತವೆ. ನಾವೂ ಅದೇ ಹೆಸರಿಟ್ಟಿದ್ದರೆ? ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದಂತೆ. ಮೇಷ್ಟ್ರು ಇನಿಷಿಯಲ್ ಸೇರಿಸಿ ಕರೆಯುತ್ತಾರೆ. ಆರಂಭದ ಸಿ ಭಾಷೆಯಲ್ಲೂ ಇದೇ ಉಪಾಯವಿತ್ತು. ಆಗ ಎಲ್ಲ ಸ್ಟ್ರಕ್ಚರ್‌ಗಳ ಸದಸ್ಯರ ಹೆಸರುಗಳೂ ಒಂದೇ ಪಟ್ಟಿಗೆ ಸೇರುತ್ತಿದ್ದವು. ಅದಕ್ಕೇ ಸಮಯಕ್ಕೆ ಸಂಬಂಧಿಸಿದ ಹೆಸರುಗಳು ‘ಟಿಎಂ’ ಎಂದೂ ಕಡತದ ವಿವರಗಳ ಹೆಸರುಗಳು ‘ಎಸ್‌ಟಿ’ ಎಂದೂ ಇಂದಿಗೂ ಶುರುವಾಗುತ್ತವೆ.

1983ರಲ್ಲಿ ರಿಚಿ ಮತ್ತು ಥಾಂಪ್ಸನ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಅದೇ ವರ್ಷ ಸಿ ಭಾಷೆಗೆ ಮಾನಕ ರೂಪಿಸಲು ಸಮಿತಿಯೂ ರಚನೆಯಾಯಿತು. 1989ರಲ್ಲಿ ಹೊರಬಂದ ಮಾನಕದ ಪ್ರಕಾರ, ಎರಡು ಅಂಡರ್‌ಸ್ಕೋರ್‌ನಿಂದ ಅಥವಾ ಅಂಡರ್‌ಸ್ಕೋರ್ ಮತ್ತು ದೊಡ್ಡಕ್ಷರದಿಂದ ಆರಂಭವಾಗುವ ಹೆಸರುಗಳು ಕಂಪೈಲರ್ ಮತ್ತು ಅದರ ಲೈಬ್ರರಿಗೆ ಮೀಸಲು. ಬಸ್ಸಿನ ಮೀಸಲು ಸೀಟಿನಲ್ಲಿ ಕೂತಂತೆ: ಹಕ್ಕಿನವರು ಹತ್ತುವವರೆಗೆ ತೊಂದರೆಯಿಲ್ಲ. ಮುಂದೆಂದೋ ಕಂಪೈಲರ್‌ನ ಹೊಸ ಆವೃತ್ತಿ ಅದೇ ಹೆಸರು ಬಳಸಿದರೆ, ನಿನ್ನೆಯವರೆಗೆ ಸರಿಯಿದ್ದ ಪ್ರೋಗ್ರಾಂ ಇಂದು ಕೆಡುತ್ತದೆ.

ಈ ಮೀಸಲಾತಿಯ ಬೆಲೆ ಗೊತ್ತಾಗಿದ್ದು 1999ರ ಮಾನಕದಲ್ಲಿ. ಹೌದು–ಅಲ್ಲ ಎಂಬುದನ್ನು ಹೇಳಲು ‘ಬೂಲ್’ ಎಂಬ ಹೊಸ ಬಗೆ ಬೇಕಿತ್ತು. ಆದರೆ ಎಷ್ಟೋ ಹಳೆಯ ಪ್ರೋಗ್ರಾಂಗಳು ಆ ಹೆಸರನ್ನು ಆಗಲೇ ಇಟ್ಟುಕೊಂಡಿದ್ದವು. ಹಾಗಾಗಿ ಭಾಷೆ ತನ್ನ ಮೀಸಲು ಜಾಗದಿಂದಲೇ, ಅಂಡರ್‌ಸ್ಕೋರ್ ಮತ್ತು ದೊಡ್ಡಕ್ಷರವಿರುವ ಹೆಸರನ್ನು ತೆಗೆದುಕೊಂಡಿತು. ಸರಳವಾದ ‘ಬೂಲ್’ ಬೇಕಾದವರಿಗೆ ಪ್ರತ್ಯೇಕ ಹೆಡರ್ ಕೊಟ್ಟಿತು. ಹಳೆಯ ಪ್ರೋಗ್ರಾಂಗಳು ಉಳಿದುಕೊಂಡವು.

ರಿಚಿ 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಮನೆಯಲ್ಲಿ ಅವರು ಮೃತಪಟ್ಟಿದ್ದು ತಿಳಿಯಿತು. ವಾರದ ಹಿಂದಷ್ಟೇ ತೀರಿಕೊಂಡಿದ್ದ ಸ್ಟೀವ್ ಜಾಬ್ಸ್‌ಗೆ ಸಿಕ್ಕಷ್ಟು ಸುದ್ದಿ ಈ ಸಾವಿಗೆ ಸಿಗಲಿಲ್ಲ. ಅವರ ಭಾಷೆ ಮಾತ್ರ ಇಂದಿಗೂ ಬಳಕೆಯಲ್ಲಿದೆ. ನೀವು ಅದರಲ್ಲಿ ಬರೆಯುವವರಾದರೆ, ಹೆಸರಿನ ಆರಂಭದ ಅಂಡರ್‌ಸ್ಕೋರನ್ನು ಕಂಪೈಲರ್‌ಗೇ ಬಿಡಿ. ನಿಮ್ಮ ಹೆಸರುಗಳಿಗೆ ನಿಮ್ಮದೇ ಇನಿಷಿಯಲ್ ಸಾಕು.