ನೋವಿನ ಮಾತಿಗೆ ಕಿವಿಗೊಟ್ಟ ಮಿಚೆಲ್

1863ರ ಜುಲೈ. ಅಮೆರಿಕದ ಅಂತರ್ಯುದ್ಧದ ಭೀಕರ ಕದನವೊಂದು ಗೆಟ್ಟಿಸ್‌ಬರ್ಗ್‌ನಲ್ಲಿ ಆಗಷ್ಟೇ ಮುಗಿದಿತ್ತು. ನರಕ್ಕೆ ಪೆಟ್ಟಾದ ಸೈನಿಕರನ್ನು ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಆಸ್ಪತ್ರೆಗೆ ಕಳಿಸುತ್ತಿದ್ದರು. 400 ಹಾಸಿಗೆಗಳ ಆ ಆಸ್ಪತ್ರೆ ಇದ್ದದ್ದೇ ಅಂಥವರಿಗಾಗಿ. ಅಲ್ಲಿದ್ದ ಕೆಲವರ ವರ್ತನೆ ನೋಡಿದವರಿಗೆ ವಿಚಿತ್ರ ಎನಿಸುವಂತಿತ್ತು. ಗುಂಡು ಹೊಕ್ಕ ಜಾಗ ಮಾಗಿದೆ, ಆದರೂ ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ನೀರಿನ ಬಾಟಲಿ ಜೊತೆಗೇ ಇರಬೇಕು. ಕೆಲವರು ಬೂಟಿನೊಳಗೂ ನೀರು ಸುರಿದುಕೊಳ್ಳುತ್ತಾರೆ. ಪಕ್ಕದಲ್ಲಿ ಕಾಗದ ಸರಸರ ಎಂದರೆ, ಯಾರಾದರೂ ಜೋರಾಗಿ ಹೆಜ್ಜೆ ಇಟ್ಟರೆ ನೋವು ಉಕ್ಕಿ ಬರುತ್ತದೆ. ಕೈ ಉರಿಯುತ್ತಿದೆ ಎನ್ನುತ್ತಾರೆ. ನೋಡಿದರೆ ಹುಣ್ಣಿಲ್ಲ, ಚರ್ಮ ಮಾತ್ರ ಕೆಂಪಗೆ, ನುಣ್ಣಗೆ ಹೊಳೆಯುತ್ತಿದೆ.

ಇವರು ಹೇಳಿದ್ದನ್ನೆಲ್ಲ ಬಿಡದೆ ಬರೆದಿಟ್ಟ ವೈದ್ಯ ಸೈಲಸ್ ವೀರ್ ಮಿಚೆಲ್. ಹುಟ್ಟಿದ್ದು 1829ರಲ್ಲಿ, ಅದೇ ಫಿಲಡೆಲ್ಫಿಯಾದಲ್ಲಿ. ತಂದೆಯೂ ವೈದ್ಯರು. 1850ರಲ್ಲಿ ಜೆಫರ್ಸನ್ ಮೆಡಿಕಲ್ ಕಾಲೇಜಿನಿಂದ ಪದವಿ ಪಡೆದು, ಪ್ಯಾರಿಸ್‌ನಲ್ಲಿ ಕ್ಲೋದ್ ಬರ್ನಾರ್ಡ್ ಅವರ ಬಳಿ ಕಲಿತು ಊರಿಗೆ ಮರಳಿದರು. ಸಂಸಾರ ನಡೆಸಲು ರೋಗಿಗಳನ್ನು ನೋಡುತ್ತಲೇ ಬುಡುಬುಡಿಕೆ ಹಾವಿನ (ಬಾಲದಲ್ಲಿ ಗಿಲಕಿಯಿರುವ ಅಮೆರಿಕದ ಹಾವು) ವಿಷದ ಮೇಲೆ ಪ್ರಯೋಗ ಮಾಡಿದರು. 1860ರಲ್ಲಿ ಅದು ಪ್ರಕಟವಾಗಿ ಹೆಸರು ತಂದಿತು. ಆದರೆ ಹೆಸರು ಬಂದ ಮಾತ್ರಕ್ಕೆ ಹುದ್ದೆ ಬರಬೇಕಲ್ಲ! ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕ ಸ್ಥಾನಕ್ಕೆ 1863ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, 1868ರಲ್ಲಿ ತಾವೇ ಓದಿದ ಜೆಫರ್ಸನ್ ಕಾಲೇಜಿನಲ್ಲಿ ಪ್ರಯತ್ನಿಸಿದರು. ಎರಡೂ ಕಡೆ ಬೇರೆಯವರು ಆಯ್ಕೆಯಾದರು. ನಡುವೆ, 1862ರಲ್ಲಿ, ಇಬ್ಬರು ಪುಟ್ಟ ಗಂಡುಮಕ್ಕಳನ್ನು ಬಿಟ್ಟು ಪತ್ನಿ ತೀರಿಕೊಂಡಿದ್ದರು. ಸೇನೆಯ ಗುತ್ತಿಗೆ ವೈದ್ಯರಾಗಿ ಮಿಚೆಲ್ ಗಾಯಾಳುಗಳ ನಡುವೆ ಬಂದದ್ದು ಈ ದಿನಗಳಲ್ಲೇ.

ಅವರ ಜೊತೆಗಿದ್ದವರು ಜಾರ್ಜ್ ಮೋರ್‌ಹೌಸ್ ಮತ್ತು ವಿಲಿಯಂ ಕೀನ್. ಯುದ್ಧಕ್ಕೆ ಹೆದರಿ ರೋಗ ನಟಿಸುವವರೂ ಇರುತ್ತಿದ್ದರು, ಅವರನ್ನು ಪತ್ತೆ ಮಾಡುವುದೂ ಈ ಮೂವರ ಕೆಲಸವಾಗಿತ್ತು. ಅನುಮಾನ ಬಂದವರಿಗೆ ಈಥರ್ ಕೊಟ್ಟು ಪರೀಕ್ಷಿಸುತ್ತಿದ್ದರು. ನಟನೆಯ ಬಗ್ಗೆಯೇ 1864ರಲ್ಲಿ ಒಂದು ಪ್ರಬಂಧವನ್ನೂ ಬರೆದರು. ಸುಳ್ಳು ಹಿಡಿಯುವ ಕೆಲಸಕ್ಕೆ ನಿಂತವರೇ ಕಣ್ಣಿಗೆ ಕಾಣದ ನೋವನ್ನು ನಿಜವೆಂದು ಒಪ್ಪಿದರು ಎಂಬುದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಬೇರೆ ಬೇರೆ ಊರಿನ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಸೈನಿಕರು ಅದೇ ಉರಿ, ಅದೇ ನೀರು, ಮುಟ್ಟಿದರೆ ಅದೇ ಭಯ ಎಂದಾಗ ಅದನ್ನು ತಳ್ಳಿಹಾಕಲಾಗಲಿಲ್ಲ. ಆ ನೋವಿಗೆ ಮುಂದೆ ‘ಕಾಸಾಲ್ಜಿಯಾ’ ಎಂಬ ಹೆಸರು ಬಂತು. ಗ್ರೀಕ್ ಮೂಲದ ಆ ಪದಕ್ಕೆ ಉರಿನೋವು ಎಂದರ್ಥ. 1864ರ ಪುಸ್ತಕದಲ್ಲೂ 1872ರ ಇನ್ನೂ ದೊಡ್ಡ ಪುಸ್ತಕದಲ್ಲೂ ಇವರ ವಿವರಗಳಿವೆ.

ಕೈಕಾಲು ಕತ್ತರಿಸಿಕೊಂಡವರ ಕಥೆ ಇನ್ನೊಂದು. ಮಿಚೆಲ್ ವಿಚಾರಿಸಿದ 90 ಜನರಲ್ಲಿ ನಾಲ್ವರನ್ನು ಬಿಟ್ಟು ಉಳಿದವರೆಲ್ಲರಿಗೂ ಇಲ್ಲದ ಅಂಗ ಇದ್ದಂತೆಯೇ ಭಾಸವಾಗುತ್ತಿತ್ತು. 1866ರಲ್ಲಿ ಅವರು ಇದನ್ನು ಮೊದಲು ಕಥೆಯಾಗಿ, ಹೆಸರು ಹಾಕದೆ ಒಂದು ಮಾಸಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡೂ ಕೈ, ಎರಡೂ ಕಾಲು ಕಳೆದುಕೊಂಡ ಜಾರ್ಜ್ ಡೆಡ್ಲೊ ಅದರ ನಾಯಕ. ಓದುಗರು ನಿಜವೆಂದೇ ನಂಬಿ ಅವನಿಗಾಗಿ ಹಣ ಸಂಗ್ರಹಿಸಿದರಂತೆ! ‘ಫ್ಯಾಂಟಮ್ ಲಿಂಬ್’ ಎಂಬ ಮಾತು ಅವರ 1871ರ ಲೇಖನದಿಂದ ಬಳಕೆಗೆ ಬಂತು.

ಮಿಚೆಲ್ ಹಾಸಿಗೆಯ ಪಕ್ಕ ಕೂತು ಕೇಳಿದ ಪ್ರಶ್ನೆಗಳನ್ನು ಇಂದು ಒಂದು ಹಾಳೆಯಲ್ಲಿ ಕೇಳುತ್ತಾರೆ. ತಿಂಗಳುಗಟ್ಟಲೆ ನೋವು ತಿನ್ನುವವರಲ್ಲಿ ಅದು ನರದಿಂದ ಬಂದದ್ದೇ ಎಂದು ಸುಳಿವು ಹಿಡಿಯಲು 2001ರಲ್ಲಿ ಇಂಗ್ಲೆಂಡಿನ ‘ಲ್ಯಾನ್ಸ್’, 2005ರಲ್ಲಿ ಫ್ರಾನ್ಸ್‌ನ ‘ಡಿಎನ್4’, 2006ರಲ್ಲಿ ಜರ್ಮನಿಯ ‘ಪೇನ್‌ಡಿಟೆಕ್ಟ್’ ಎಂಬ ಪ್ರಶ್ನಾವಳಿಗಳು ಬಂದವು. ಡಿಎನ್4ರಲ್ಲಿ ಹತ್ತು ಅಂಶಗಳು. ಉರಿಯುತ್ತದೆಯೇ? ಕೊರೆಯುವ ತಣ್ಣನೆಯ ನೋವೇ? ಕರೆಂಟ್ ಹೊಡೆದ ಹಾಗೆ ಆಗುತ್ತದೆಯೇ? ಜುಮ್ಮೆನ್ನುವುದು, ಸೂಜಿ ಚುಚ್ಚಿದಂತಾಗುವುದು, ಜೋಮು, ತುರಿಕೆ ಇದೆಯೇ? ಉಳಿದ ಮೂರನ್ನು ವೈದ್ಯರು ಮುಟ್ಟಿ, ಮೆಲ್ಲಗೆ ಚುಚ್ಚಿ, ಬ್ರಷ್ ಸವರಿ ನೋಡುತ್ತಾರೆ. ಹತ್ತರಲ್ಲಿ ನಾಲ್ಕಕ್ಕೆ ಹೌದು ಎಂದಾದರೆ ನರನೋವಿನ ಶಂಕೆ. ಶಂಕೆ ಮಾತ್ರ, ತೀರ್ಪಲ್ಲ; ಪೂರ್ತಿ ತಪಾಸಣೆ ಆಮೇಲೂ ಆಗಲೇಬೇಕು. ಇಷ್ಟೆಲ್ಲ ಯಾಕೆ ಎಂದರೆ, ಸಾಮಾನ್ಯ ನೋವಿನ ಮಾತ್ರೆಗಳು ಈ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ಮೂರ್ಛೆರೋಗಕ್ಕೆ, ಖಿನ್ನತೆಗೆ ಕೊಡುವ ಕೆಲವು ಔಷಧಿಗಳನ್ನು ಇದಕ್ಕೆ ಬಳಸುತ್ತಾರೆ. ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ರಾತ್ರಿ ಅಂಗಾಲು ಉರಿ, ಪಾದ ಜೋಮು ಎನ್ನುತ್ತಾರಲ್ಲ, ಆ ಎರಡೂ ಮಾತು ಈ ಪಟ್ಟಿಯಲ್ಲಿವೆ. ವಯಸ್ಸಾಯ್ತು ಎಂದು ನಾವೇ ತೀರ್ಮಾನಿಸಿ ಸುಮ್ಮನಾಗುವುದಕ್ಕಿಂತ ಅದನ್ನು ವೈದ್ಯರಿಗೆ ಅದೇ ಮಾತಿನಲ್ಲಿ ಹೇಳುವುದು ಲೇಸು.

ಮಿಚೆಲ್ ಎಲ್ಲರ ಮಾತನ್ನೂ ಹೀಗೆಯೇ ಕೇಳಿದರೇ? ಇಲ್ಲ. ಯುದ್ಧದ ನಂತರ ಬಳಲಿದ ಹೆಂಗಸರಿಗೆಂದು ‘ವಿಶ್ರಾಂತಿ ಚಿಕಿತ್ಸೆ’ ರೂಪಿಸಿದರು. ವಾರಗಟ್ಟಲೆ ಹಾಸಿಗೆ, ಪುಷ್ಕಳ ಆಹಾರ, ಮಾಲೀಸು. ಓದು ಬರಹ ಬೇಡ. 1887ರಲ್ಲಿ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಎಂಬ ಯುವ ಲೇಖಕಿ ಬಂದಾಗ, ಮನೆಗೆಲಸದಲ್ಲೇ ಇರಬೇಕು, ಲೇಖನಿ ಮುಟ್ಟಬಾರದು ಎಂದು ಹೇಳಿ ಕಳಿಸಿದರು. ಆಕೆಯ ಸ್ಥಿತಿ ಇನ್ನೂ ಹದಗೆಟ್ಟಿತು. ಚೇತರಿಸಿಕೊಂಡದ್ದು ಆ ಸಲಹೆ ಬಿಟ್ಟು ಮತ್ತೆ ಬರೆಯತೊಡಗಿದ ಮೇಲೆ. ಆ ಅನುಭವದಿಂದಲೇ 1892ರಲ್ಲಿ ‘ದಿ ಯೆಲ್ಲೋ ವಾಲ್‌ಪೇಪರ್’ ಕಥೆ ಹುಟ್ಟಿತು. ಸೈನಿಕನ ಕಾಣದ ನೋವನ್ನು ನಂಬಿದ ವೈದ್ಯ, ಎದುರು ಕೂತ ಹೆಣ್ಣಿನ ಮಾತನ್ನು ಅಷ್ಟೇ ತಾಳ್ಮೆಯಿಂದ ಕೇಳಲಿಲ್ಲ. ಜೀವನಚರಿತ್ರೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ಕಾದಂಬರಿಕಾರರಾಗಿಯೂ ಜನಪ್ರಿಯರಾದರು. ಮಗ ಜಾನ್ ಕೂಡ ವೈದ್ಯನಾಗಿ, ತಂದೆ ನೋಡಿದ್ದ ಹಳೆಯ ಸೈನಿಕರ ಪಾಡು ಏನಾಯಿತೆಂದು ವಿಚಾರಿಸಿ 1895ರಲ್ಲಿ ಪುಸ್ತಕ ತಂದರು. ಯುದ್ಧ ಮುಗಿದು 30 ವರ್ಷ ಕಳೆದಿತ್ತು, ಕೆಲವರ ನೋವು ಹಾಗೇ ಇತ್ತು. ಮಿಚೆಲ್ 1914ರ ಜನವರಿ 4ರಂದು ಫಿಲಡೆಲ್ಫಿಯಾದಲ್ಲೇ ನಿಧನರಾದರು.